‘ಊಟ ಆಯ್ತಾ?’ ಅಂದ್ರೆ ಊಟದ ಪ್ರಶ್ನೆ ಅಲ್ಲ: ಆಟಿಸಂ ಇರೋರ ಡೇಟಿಂಗ್ ಬಗ್ಗೆ ಒಂದಿಷ್ಟು ಮಾತು

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಾ ಇದ್ದರೆ ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡ್ಕೊಳ್ಳಿ, ಇವತ್ತು ನನ್ನ ಗಂಟಲು ಅಷ್ಟು ಸರಿ ಇಲ್ಲ.

ಕಳೆದ ತಿಂಗಳು ಆಟಿಸಂ ಬಗ್ಗೆ ಒಂದು ಚಿಕ್ಕ ಎಪಿಸೋಡ್ ಮಾಡಿದ್ದೆ. ನನಗೆ 25ನೇ ವಯಸ್ಸಿನಲ್ಲಿ ಅದು ಗೊತ್ತಾಗಿದ್ದು, ಈಗ 28, ಇಷ್ಟು ಹೇಳಿ ಮುಗಿಸಿದ್ದೆ. ಅದಕ್ಕೆ ಬಂದ ವಾಯ್ಸ್ ನೋಟ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಕೆಲವರು ನಾಚ್ಕೊಂಡು ಕೇಳಿದ್ದಾರೆ, ಕೆಲವರು ಅಳ್ತಾ ಕೇಳಿದ್ದಾರೆ, ಒಬ್ಬರು ಸಿಟ್ಟಲ್ಲೇ ಕೇಳಿದ್ದಾರೆ: ‘ಅಕ್ಕ, ನಮ್ಮಂಥವರಿಗೆ ಜೋಡಿ ಸಿಗುತ್ತಾ?’ ನಿಮ್ಮ ಕಥೆ ಹೇಳಿ ಅಂದಿದ್ದೀರಿ. ಹೇಳ್ತೀನಿ. ಆದರೆ ಮೊದಲು ಒಂದೆರಡು ವಿಷಯ ಸರಿ ಮಾಡ್ಕೊಂಡು ಬಿಡೋಣ.

ಒಂದು, ಹೆಸರು. ನಮ್ಮ ಪತ್ರಿಕೆಗಳಲ್ಲಿ ಆಟಿಸಂಗೆ ‘ಸ್ವಲೀನತೆ’ ಅಂತ ಬರೀತಾರೆ. ಸ್ವ, ಲೀನ. ತನ್ನಲ್ಲೇ ಮುಳುಗಿರೋರು ಅಂತ ಅರ್ಥ. ಇಂಗ್ಲಿಷ್ ಪದಾನೂ ಹಾಗೇ ಹುಟ್ಟಿದ್ದು, ಗ್ರೀಕ್‌ನಲ್ಲಿ ಆಟೋಸ್ ಅಂದ್ರೆ ಸ್ವಂತ, ತಾನು. ಆದರೆ ಆ ಇಂಗ್ಲಿಷ್ ಪದ ಕೇಳಿದಾಗ ಆ ಅರ್ಥ ಯಾರಿಗೂ ಹೊಳೆಯಲ್ಲ. ಕನ್ನಡದಲ್ಲಿ ಹೊಳೆದುಬಿಡುತ್ತೆ. ಮದುವೆ ಮಾತುಕತೆಯಲ್ಲಿ ‘ಹುಡುಗಿಗೆ ಸ್ವಲೀನತೆ’ ಅಂದ್ರೆ ಮುಗೀತು, ಇವಳು ಯಾರ ಬಗ್ಗೇನೂ ತಲೆ ಕೆಡಿಸ್ಕೊಳ್ಳಲ್ಲ ಅಂತ ತೀರ್ಮಾನ. ನಾನು ಆಟಿಸಂ ಅಂತಾನೇ ಹೇಳೋದು.

ಎರಡನೇದು ಸಿನಿಮಾ. ಹೇಳಿದ ತಕ್ಷಣ ಹತ್ತರಲ್ಲಿ ಆರು ಜನ ‘ಓ, ಶಾರುಖ್ ಖಾನ್ ಥರಾನಾ?’ ಅಂತಾರೆ. 2010ರ ‘ಮೈ ನೇಮ್ ಈಸ್ ಖಾನ್’. ಇನ್ನು ಸ್ವಲ್ಪ ಜನ ‘ಬರ್ಫಿ’ಯ ಪ್ರಿಯಾಂಕಾ ಚೋಪ್ರಾ ಅಂತಾರೆ. ಎರಡೂ ಅಲ್ಲ ಅಂದ್ರೆ ‘ಹಾಗಾದ್ರೆ ನಿನಗೆ ಆಟಿಸಂ ಇಲ್ಲ ಬಿಡು’ ಅಂತ ಅವರೇ ಸರ್ಟಿಫಿಕೇಟ್ ಕೊಟ್ಟುಬಿಡ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಸುಮಾರು 127 ಜನಕ್ಕೆ ಒಬ್ಬರಿಗೆ ಆಟಿಸಂ ಇತ್ತು. ಎರಡು ಸಾವಿರ ಜನ ಓದೋ ಕಾಲೇಜಲ್ಲಿ ಹದಿನೈದು, ಹದಿನಾರು ಜನ ಅನ್ನಿ. ಅಷ್ಟೂ ಜನ ಶಾರುಖ್ ಥರ ಇರೋಕೆ ಸಾಧ್ಯಾನಾ?

ಸರಿ, ಈಗ ವಿಷಯಕ್ಕೆ ಬರ್ತೀನಿ.

ಡೇಟಿಂಗ್‌ನಲ್ಲಿ ನಮಗೆ ಕಷ್ಟ ಆಗೋದು ಪ್ರೀತಿ ಅಲ್ಲ, ಭಾಷೆ. ಅದರಲ್ಲೂ ಕನ್ನಡ ಇದೆಯಲ್ಲ, ನನ್ನ ಪ್ರಾಣ ಅದು, ಆದರೆ ಹೇಳಿದ್ದಕ್ಕೂ ಅರ್ಥಕ್ಕೂ ಸಂಬಂಧ ಇಲ್ಲದ ಮಾತು ಅದರಲ್ಲಿ ಎಷ್ಟಿದೆ ನೋಡಿ. ಮನೆಯಿಂದ ಹೊರಡೋವಾಗ ‘ಬರ್ತೀನಿ’ ಅಂತೀವಿ. ‘ಊಟ ಆಯ್ತಾ?’ ಅಂತ ಮೆಸೇಜ್ ಬರುತ್ತೆ. ನಾನು ತುಂಬಾ ವರ್ಷ ಅದಕ್ಕೆ ಪೂರ್ತಿ ಉತ್ತರ ಕೊಡ್ತಿದ್ದೆ. ‘ಆಯ್ತು, ಚಪಾತಿ, ಹೀರೇಕಾಯಿ ಪಲ್ಯ, ಅನ್ನ ಮಿಕ್ಕಿದೆ’ ಅಂತ. ಅಲ್ಲಿಗೆ ಮಾತು ಮುಗೀತು ಅಂದ್ಕೊಂಡು ಫೋನ್ ಇಟ್ಟುಬಿಡ್ತಿದ್ದೆ. ಆ ಹುಡುಗ ಕೇಳ್ತಾ ಇದ್ದಿದ್ದು ‘ನಿನ್ನ ಹತ್ರ ಮಾತಾಡಬೇಕು ಅನ್ನಿಸ್ತಿದೆ, ಫ್ರೀ ಇದ್ದೀಯಾ’ ಅಂತ. ಅದನ್ನೇ ಕೇಳಬಹುದಿತ್ತಲ್ವಾ? ಹೀರೇಕಾಯಿ ಯಾಕೆ ಮಧ್ಯೆ ಬರಬೇಕು?

ಇದಕ್ಕಿಂತ ಅಪಾಯಕಾರಿ ಪದ ‘ನೋಡೋಣ’. ಕನ್ನಡದಲ್ಲಿ ‘ಬೇಡ’ ಅನ್ನೋದನ್ನ ಮರ್ಯಾದೆಯಿಂದ ಹೇಳೋ ರೀತಿ ಅದು. ನಮಗೆ ಅದು ‘ನೋಡೋಣ’ ಅಂತಲೇ ಕೇಳಿಸುತ್ತೆ. ಮುಂದಿನ ವಾರ ಸಿಗೋಣವಾ? ನೋಡೋಣ. ನಾವು ಶನಿವಾರ ತಲೆ ಬಾಚ್ಕೊಂಡು ಕಾಯ್ತಾ ಕೂತಿರ್ತೀವಿ.

ಇಷ್ಟು ವರ್ಷ ಇದನ್ನ ನಮ್ಮ ಕೊರತೆ ಅಂತಲೇ ಹೇಳ್ತಿದ್ದರು, ಆಟಿಸಂ ಇರೋರಿಗೆ ಬೇರೆಯವರ ಮನಸ್ಸು ಅರ್ಥ ಆಗಲ್ಲ ಅಂತ. 2012ರಲ್ಲಿ ಬ್ರಿಟನ್ನಿನ ಡೇಮಿಯನ್ ಮಿಲ್ಟನ್ ಅನ್ನೋ ಸಂಶೋಧಕರು, ಅವರೂ ಆಟಿಸಂ ಇರೋರೇ, ಇದನ್ನ ತಿರುಗಿಸಿ ಕೇಳಿದ್ರು. ಅರ್ಥ ಆಗದೇ ಇರೋದು ಎರಡೂ ಕಡೆ ಅಲ್ವಾ? ನಿಮ್ಮ ಮನಸ್ಸು ನಮಗೆ ಗೊತ್ತಾಗಲ್ಲ ಸರಿ, ನಮ್ಮ ಮನಸ್ಸು ನಿಮಗೆ ಗೊತ್ತಾಗುತ್ತಾ? ಇದಕ್ಕೆ ಅವರು ‘ಡಬಲ್ ಎಂಪಥಿ ಪ್ರಾಬ್ಲಂ’ ಅಂತ ಹೆಸರಿಟ್ಟರು.

ಬಿ.ಕಾಂ ಮಾಡಿದೋರಿಗೆ ಇದು ಬೇಗ ಅರ್ಥ ಆಗುತ್ತೆ. ಬ್ಯಾಂಕ್ ರೀಕನ್ಸಿಲಿಯೇಷನ್ ನೆನಪಿದೆಯಾ? ನಮ್ಮ ಕ್ಯಾಶ್ ಬುಕ್‌ನಲ್ಲಿ ಒಂದು ಬ್ಯಾಲೆನ್ಸ್, ಬ್ಯಾಂಕಿನ ಪಾಸ್ ಬುಕ್‌ನಲ್ಲಿ ಇನ್ನೊಂದು. ತಾಳೆ ಆಗ್ತಿಲ್ಲ ಅಂದ ತಕ್ಷಣ ಯಾರೋ ಕದ್ದಿದ್ದಾರೆ ಅಂತ ಅಲ್ಲ. ಚೆಕ್ ಕೊಟ್ಟಿದ್ದೀವಿ, ಅವರಿನ್ನೂ ಹಾಕಿಲ್ಲ. ಅವರು ಚಾರ್ಜ್ ಹಿಡಿದಿದ್ದಾರೆ, ನಮಗೆ ಗೊತ್ತಿಲ್ಲ. ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ಟಿಕ್ ಹಾಕ್ತಾ ಹೋಗಬೇಕು ಅಷ್ಟೇ. ಪುಸ್ತಕ ತೋರಿಸೋಕೇ ಒಪ್ಪದೇ ಇರೋರ ಜೊತೆ ಈ ಕೆಲಸ ಆಗಲ್ಲ.

ಇನ್ನೊಂದು ಅಧ್ಯಯನ ನನಗೆ ತುಂಬಾ ಇಷ್ಟ. 2017ರಲ್ಲಿ ಅಮೆರಿಕದ ನೋವಾ ಸ್ಯಾಸನ್ ಮತ್ತು ಜೊತೆಗಾರರು ಮಾಡಿದ್ದು. ಆಟಿಸಂ ಇರೋರು ಮಾತಾಡೋ ಪುಟ್ಟ ಪುಟ್ಟ ತುಣುಕುಗಳನ್ನ ಆಟಿಸಂ ಇಲ್ಲದವರಿಗೆ ತೋರಿಸಿದ್ರು. ಕೆಲವೇ ಸೆಕೆಂಡು ಅಷ್ಟೇ. ಅಷ್ಟರಲ್ಲೇ ನೋಡಿದವರು ‘ಇವರ ಜೊತೆ ಮಾತಾಡೋಕೆ ಅಷ್ಟು ಮನಸ್ಸಿಲ್ಲ’ ಅಂತ ಅಂಕ ಕಮ್ಮಿ ಕೊಟ್ಟರು. ವಿಡಿಯೋ ತೆಗೆದು ಬರೀ ದನಿ ಕೇಳಿಸಿದರೂ ಅದೇ ಕಥೆ. ಆದರೆ ಅವರು ಆಡಿದ ಅದೇ ಮಾತನ್ನ ಬರಹದಲ್ಲಿ ಕೊಟ್ಟಾಗ ಆ ವ್ಯತ್ಯಾಸವೇ ಇರಲಿಲ್ಲ. ಅಂದ್ರೆ ಮಾತಿನಲ್ಲಿ ಏನೂ ಕಮ್ಮಿ ಇರಲಿಲ್ಲ. ಮುಖ, ಕಣ್ಣು, ದನಿಯ ಏರಿಳಿತ, ಅಲ್ಲೇ ಎಲ್ಲರೂ ಜಾರಿ ಬೀಳ್ತಿದ್ದರು. ಈ ಎಪಿಸೋಡನ್ನ ನೀವು ಕೇಳೋ ಬದಲು ಕೆಳಗಡೆ ಓದ್ತಾ ಇದ್ದರೆ, ನನಗೇ ಲಾಭ.

ಆಪ್‌ಗಳಲ್ಲಿ ನಮಗೆ ಚಾಟ್ ಯಾಕೆ ಚೆನ್ನಾಗಿ ಹೋಗುತ್ತೆ, ಎದುರಿಗೆ ಸಿಕ್ಕ ದಿನ ಯಾಕೆ ಕೈ ಕೊಡುತ್ತೆ ಅನ್ನೋದಕ್ಕೆ ಇಲ್ಲಿ ಉತ್ತರ ಇದೆ ಅಂತ ನನಗನ್ನಿಸುತ್ತೆ. ಮೂರು ವಾರ ರಾತ್ರಿ ಎರಡು ಗಂಟೆವರೆಗೆ ಚಾಟ್. ಆಮೇಲೆ ಇಂದಿರಾನಗರದ ಯಾವುದೋ ಕೆಫೆ. ಕಾಫಿ ಬೀಜ ಪುಡಿ ಮಾಡೋ ಮೆಷಿನ್ನು, ತಲೆ ಮೇಲೆ ಸ್ಪೀಕರ್ರು, ಪಕ್ಕದ ಟೇಬಲ್‌ನಲ್ಲಿ ಬರ್ತ್‌ಡೇ. ನನ್ನ ಕಿವಿ ಎಲ್ಲವನ್ನೂ ಒಂದೇ ಜೋರಲ್ಲಿ ಕೇಳಿಸ್ಕೊಳ್ಳುತ್ತೆ. ಎದುರಿಗೆ ಕೂತವನ ಮಾತು ಎಂಟನೇ ಸದ್ದು. ಅದರ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ನಾನು ಕಣ್ಣು ನೋಡಿದರೆ ಮಾತು ಕೇಳಲ್ಲ, ಮಾತು ಕೇಳಿದರೆ ಕಣ್ಣು ನೋಡಲ್ಲ. ಎರಡರಲ್ಲಿ ಒಂದು.

ಅದಕ್ಕೆ ನನ್ನ ಸಲಹೆ, ನಗಬೇಡಿ, ದರ್ಶಿನಿ. ಮಧ್ಯಾಹ್ನ ನಾಲ್ಕು ಗಂಟೆ, ಸಂಜೆ ರಶ್ ಶುರುವಾಗೋ ಮುಂಚೆ. ಒಂದು ಮಸಾಲೆ ದೋಸೆ, ಒಂದು ಬೈಟು ಕಾಫಿ, ನಿಂತ್ಕೊಂಡು ತಿನ್ನೋದು, ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತೆ. ಮುಗಿಯೋ ಹೊತ್ತು ಮೊದಲೇ ಗೊತ್ತಿರುತ್ತೆ, ಅದು ದೊಡ್ಡ ನೆಮ್ಮದಿ. ಪಕ್ಕಪಕ್ಕ ನಿಂತಿರ್ತೀವಿ, ಇಬ್ಬರೂ ದೋಸೆ ನೋಡ್ತಾ ಇರ್ತೀವಿ, ಕಣ್ಣಿನ ಸಮಸ್ಯೆ ಇಲ್ಲ. ಚೆನ್ನಾಗಿ ಅನ್ನಿಸಿದರೆ ಅಲ್ಲಿಂದ ನಡ್ಕೊಂಡು ಹೋಗಬಹುದು. ನಡೀತಾ ಮಾತಾಡೋದು ಕೂತು ಮಾತಾಡೋದಕ್ಕಿಂತ ನಮಗೆ ಎಷ್ಟೋ ಸಲೀಸು. ಕಬ್ಬನ್ ಪಾರ್ಕ್ ವಾರದ ದಿನಗಳಲ್ಲಿ ಪರವಾಗಿಲ್ಲ, ಭಾನುವಾರ ಬೇಡ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಸಮಯದಲ್ಲಂತೂ ಆ ಕಡೆ ತಲೆ ಹಾಕಬೇಡಿ. ಸ್ಟೀಲ್ ತಟ್ಟೆ ಸದ್ದಿಗೆ ಒಂದು ಜೊತೆ ಇಯರ್‌ಪ್ಲಗ್ ಜೇಬಲ್ಲಿರಲಿ.

ಈಗ ಆಪ್ ಪಕ್ಕಕ್ಕಿಡೋಣ. ನಮ್ಮಲ್ಲಿ ಬಹಳ ಜನ ಜೋಡಿ ಹುಡುಕೋದು ಮನೆಯವರ ಮೂಲಕ ತಾನೇ? ಉಪ್ಪಿಟ್ಟು, ಕೇಸರಿಬಾತ್, ಹೆಣ್ಣು ನೋಡೋ ಶಾಸ್ತ್ರ. ನೀವು ನಂಬ್ತೀರೋ ಇಲ್ವೋ, ಅದರಲ್ಲಿ ಒಂದು ಭಾಗ ನನಗೆ ಇಷ್ಟವಾಗಿತ್ತು. ಸಂಬಳ ಎಷ್ಟು, ಮನೆ ಸ್ವಂತದ್ದಾ, ಅಡುಗೆ ಬರುತ್ತಾ, ಮದುವೆ ಆದ್ಮೇಲೆ ಕೆಲಸ ಬಿಡ್ತೀಯಾ. ಎಷ್ಟು ನೇರ! ಫ್ಲರ್ಟ್ ಮಾಡೋ ಗೊಂದಲವೇ ಇಲ್ಲ. ಪ್ರಶ್ನೆಗಳು ನ್ಯಾಯವಾದವು ಅಂತ ಹೇಳ್ತಿಲ್ಲ, ಪ್ರಶ್ನೆ ಏನು ಅಂತ ಗೊತ್ತಾಗುತ್ತೆ ಅಂತಷ್ಟೇ.

ಕಷ್ಟ ಬರೋದು ಕೊನೇ ಪ್ರಶ್ನೆಗೆ. ‘ಬೇರೆ ಇನ್ನೇನೂ ಇಲ್ಲ ಅಲ್ವಾ?’

ನಮ್ಮದು ತುಮಕೂರು ಕಡೆ. ನನ್ನ ವಿಷಯ ಮನೇಲಿ ಗೊತ್ತಾದ ದಿನದಿಂದ ಅಮ್ಮನದ್ದು ಒಂದೇ ಮಾತು. ‘ಯಾರ ಹತ್ರಾನೂ ಬಾಯಿ ಬಿಡಬೇಡ ಕಣೇ. ಮದುವೆ ಆಗಿ ಒಂದೆರಡು ವರ್ಷ ಆದ್ಮೇಲೆ ನಿಧಾನಕ್ಕೆ ಹೇಳಿದ್ರಾಯ್ತು.’ ದೊಡ್ಡಮ್ಮ ಇನ್ನೂ ಒಂದು ಹೆಜ್ಜೆ ಮುಂದೆ. ‘ನಿನ್ನ ಹಿಂದೆ ತಂಗಿ ಇದ್ದಾಳೆ, ಅದು ನೆನಪಿರಲಿ.’ ಅಮ್ಮನನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಚಿಕ್ಕೋಳಿದ್ದಾಗ ಮದುವೆ ಮನೆ ವಾಲಗದ ಸದ್ದಿಗೆ ನಾನು ಕಿರುಚಿ ಅತ್ತರೆ ಜನ ನೋಡಿ ನಕ್ಕಿದ್ದು ಅವಳನ್ನ. ಅವಳಿಗೆ ಊರಿನ ಬಾಯಿ ಎಂಥದ್ದು ಅಂತ ನನಗಿಂತ ಚೆನ್ನಾಗಿ ಗೊತ್ತು.

ಆದರೆ ನಾನು ಮುಚ್ಚಿಡಲ್ಲ ಅಂದೆ. ಒಂದು ಕಾರಣ ನ್ಯಾಯದ್ದು, ಇನ್ನೊಂದು ಕಾನೂನಿನದ್ದು. ನಾನು ವಕೀಲೆ ಅಲ್ಲ, ಪದವಿಯಲ್ಲಿ ಬಿಸಿನೆಸ್ ಲಾ ಓದಿದ ಅಭ್ಯಾಸಕ್ಕೆ ಕಾಯ್ದೆ ತೆಗೆದು ನೋಡಿದೆ. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಮದುವೆ ರದ್ದು ಕೋರೋಕೆ ಇರೋ ಕಾರಣಗಳಲ್ಲಿ ವಂಚನೆಯೂ ಒಂದು. ಹುಡುಗ ಅಥವಾ ಹುಡುಗಿಗೆ ಸಂಬಂಧಪಟ್ಟ ಮುಖ್ಯ ಸಂಗತಿಯನ್ನ ವಂಚನೆಯಿಂದ ಮರೆಮಾಚಿ ಒಪ್ಪಿಗೆ ಪಡೆದಿದ್ದರೆ, ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ಆಟಿಸಂ ಹೇಳದೇ ಇದ್ದದ್ದು ಅಷ್ಟು ಮುಖ್ಯ ಸಂಗತಿ ಆಗುತ್ತಾ ಇಲ್ವಾ ಅನ್ನೋದನ್ನ ಕೋರ್ಟ್ ಆಯಾ ಪ್ರಕರಣ ನೋಡಿ ಹೇಳಬೇಕು. ಆದರೆ ಹೇಳಿ ಮದುವೆ ಆದರೆ ಆ ಪ್ರಶ್ನೆಯೇ ಏಳಲ್ಲ. ಇನ್ನೊಂದು ಮಾತು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಆಟಿಸಂ ಇದೆ. ಸರ್ಕಾರ ಪಟ್ಟಿಯಲ್ಲಿ ಬರೆದು ಇಟ್ಟಿರೋದನ್ನ ನಾವು ಉಪ್ಪಿಟ್ಟಿನ ತಟ್ಟೆ ಕೆಳಗೆ ಬಚ್ಚಿಡೋದು ಯಾಕೆ?

ಒಬ್ಬ ಹುಡುಗ ಬಂದಿದ್ದ. ‘ಇಬ್ಬರೂ ಮಾತಾಡ್ಕೊಳ್ಳಿ’ ಅಂತ ಟೆರೇಸ್‌ಗೆ ಕಳಿಸಿದ್ರು. ಒಣಗೋಕೆ ಹಾಕಿದ ಬಟ್ಟೆ ಮಧ್ಯೆ ನಿಂತು ಹತ್ತು ನಿಮಿಷದಲ್ಲಿ ಎಲ್ಲ ಹೇಳಿದೆ. ಒಳ್ಳೇ ಹುಡುಗ, ಪೂರ್ತಿ ಕೇಳಿಸ್ಕೊಂಡ. ಆಮೇಲೆ ‘ನೋಡೋಣ’ ಅಂದ.

ಈ ಸಲ ನನಗೆ ಅರ್ಥ ಆಯ್ತು.

ಹುಡುಗೀರಿಗೆ ಒಂದು ವಿಷಯ ಬೇರೆಯಾಗಿ ಹೇಳಲೇಬೇಕು. ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಬಂದ ವಾಯ್ಸ್ ನೋಟ್‌ಗಳಲ್ಲಿ ಎರಡನ್ನ ನಾನು ಪೂರ್ತಿ ಕೇಳೋಕಾಗಲಿಲ್ಲ. ನಮ್ಮನ್ನ ಚಿಕ್ಕಂದಿನಿಂದ ‘ಅಡ್ಜಸ್ಟ್ ಮಾಡ್ಕೋ’ ಅಂತಲೇ ಬೆಳೆಸಿರ್ತಾರೆ. ಲೈಟು ಕಣ್ಣಿಗೆ ಚುಚ್ಚುತ್ತೆ ಅಂದ್ರೆ ‘ಎಲ್ಲಿ ಚುಚ್ಚುತ್ತೆ, ಸುಮ್ನಿರು’. ರೇಷ್ಮೆ ಲಂಗ ಕೆರೆಯುತ್ತೆ ಅಂದ್ರೆ ‘ಎಲ್ರೂ ಹಾಕ್ಕೊಂಡಿಲ್ವಾ’. ಇಪ್ಪತ್ತು ವರ್ಷ ಹೀಗೆ ಕೇಳಿದೋರಿಗೆ ತನ್ನ ಮೈಗೆ ಏನೋ ಸರಿ ಇಲ್ಲ ಅನ್ನಿಸಿದಾಗ ಮೊದಲ ಅನುಮಾನ ಬರೋದು ತನ್ನ ಮೇಲೇ. ಎದುರಿಗಿರೋನು ‘ಇದೆಲ್ಲ ಎಲ್ಲರೂ ಮಾಡ್ತಾರೆ, ನಿನಗೆ ಗೊತ್ತಿಲ್ಲ’ ಅಂದ್ರೆ ‘ಇರಬಹುದು, ನನಗೇ ಗೊತ್ತಾಗಲ್ಲ ತಾನೇ’ ಅಂತ ಒಪ್ಪಿಕೊಂಡುಬಿಡ್ತೀವಿ. ಈ ಒಂದು ವಾಕ್ಯ ಹೇಳೋ ಗಂಡಸರನ್ನ ನಂಬಬೇಡಿ. ಕೋಪ ಬಂದ್ರೆ ಬರಲಿ.

ಅದರ ಜೊತೆ ಇನ್ನೊಂದು ತೊಡಕು. ನಮ್ಮಲ್ಲಿ ತುಂಬಾ ಜನಕ್ಕೆ ಭಾವನೆ ತಡವಾಗಿ ಗೊತ್ತಾಗುತ್ತೆ. ಅಲೆಕ್ಸಿಥೈಮಿಯಾ ಅಂತ ಒಂದು ಪದ ಇದೆ, ಒಳಗೆ ಏನಾಗ್ತಿದೆ ಅಂತ ಗುರುತಿಸಿ ಹೆಸರು ಹೇಳೋಕೆ ಕಷ್ಟವಾಗೋದು. ನನಗೆ ಸೋಮವಾರ ಆದ ಬೇಜಾರು ಬುಧವಾರ ಬಟ್ಟೆ ಒಗೆಯೋವಾಗ ಗೊತ್ತಾಗುತ್ತೆ. ಹಾಗಾಗಿ ನನ್ನದೊಂದು ನಿಯಮ: ಯಾವ ಹೊಸ ವಿಷಯಕ್ಕೂ ಅದೇ ದಿನ ‘ಹೂಂ’ ಅನ್ನಲ್ಲ. ರೂಮಿಗೆ ಬರ್ತೀಯಾ, ಊರಿಗೆ ಹೋಗೋಣವಾ, ಒಂದು ಹತ್ತು ಸಾವಿರ ಕಳಿಸ್ತೀಯಾ, ಎಲ್ಲದಕ್ಕೂ ಉತ್ತರ ಒಂದೇ, ‘ನಾಡಿದ್ದು ಹೇಳ್ತೀನಿ’. ಎರಡು ದಿನ ಕಾಯೋಕೆ ಆಗಲ್ಲ ಅನ್ನೋರು ತಾವಾಗೇ ಜಾಗ ಖಾಲಿ ಮಾಡ್ತಾರೆ. ಮೂರು ಜನ ಹಾಗೇ ಹೋದರು, ಒಳ್ಳೇದೇ ಆಯ್ತು.

ಮುಟ್ಟೋ ವಿಷಯಾನೂ ಹೇಳಿಬಿಡ್ತೀನಿ. ಹಗುರವಾಗಿ ಬೆರಳು ತಾಗಿಸಿದರೆ ನನಗೆ ಇರುವೆ ಹರಿದಂಗಾಗುತ್ತೆ. ಗಟ್ಟಿಯಾಗಿ ಕೈ ಹಿಡಿದರೆ ಹಾಯಾಗಿರುತ್ತೆ. ಆಟಿಸಂ ಇರೋ ಬಹಳ ಜನಕ್ಕೆ ಹೀಗೇ. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಅಂತೂ ತಮ್ಮನ್ನ ಗಟ್ಟಿಯಾಗಿ ಒತ್ತಿ ಹಿಡಿಯೋಕೆ ಒಂದು ಯಂತ್ರವನ್ನೇ ಮಾಡಿಕೊಂಡಿದ್ದರು. ಇದನ್ನ ಬಾಯಿಬಿಟ್ಟು ಹೇಳದೆ ಇದ್ರೆ ಎದುರಿಗಿರೋರಿಗೆ ಹೇಗೆ ಗೊತ್ತಾಗಬೇಕು? ‘ಕೈ ಹಿಡೀಲಾ?’ ಅಂತ ಕೇಳಿದರೆ ರೊಮ್ಯಾನ್ಸ್ ಹಾಳಾಗುತ್ತೆ ಅನ್ನೋರು ನನ್ನ ಮಟ್ಟಿಗೆ ರೊಮ್ಯಾನ್ಸ್ ಏನು ಅಂತ ಸಿನಿಮಾದಲ್ಲಷ್ಟೇ ನೋಡಿರೋರು.

ಸರಿ, ಈಗ ನೀವೆಲ್ಲ ಕಾಯ್ತಾ ಇರೋ ಭಾಗ. ಹೂಂ, ಒಬ್ಬನಿದ್ದಾನೆ. ಹೆಸರು ಹೇಳಲ್ಲ. ಹಾಸನದ ಕಡೆಯವನು, ಲ್ಯಾಬ್ ಟೆಕ್ನಿಷಿಯನ್, ಆಟಿಸಂ ಇಲ್ಲ. ಎರಡು ವರ್ಷದ ಹಿಂದೆ ಆಪ್‌ನಲ್ಲಿ ಸಿಕ್ಕಿದ್ದು. ನನ್ನ ಪ್ರೊಫೈಲ್‌ನಲ್ಲಿ ‘ಟ್ರಾವೆಲ್, ಮ್ಯೂಸಿಕ್’ ಅಂತೆಲ್ಲ ಇರಲಿಲ್ಲ. ‘ಆಟಿಸಂ ಇದೆ. ಜಿಎಸ್‌ಟಿ ಬಗ್ಗೆ ಮಾತಾಡ್ತೀನಿ. ಗಲಾಟೆ ಜಾಗಕ್ಕೆ ಬರಲ್ಲ’ ಅಂತಿತ್ತು. ಮ್ಯಾಚ್ ಕಮ್ಮಿ ಬರ್ತಿತ್ತು, ಬಂದೋರು ಓದಿ ಬಂದಿರ್ತಿದ್ದರು.

ಜಿಎಸ್‌ಟಿ ತಮಾಷೆ ಅಲ್ಲ. ನನಗೆ ಎಚ್‌ಎಸ್‌ಎನ್ ಕೋಡ್ ಅಂದ್ರೆ ಹುಚ್ಚು. ಯಾವ ವಸ್ತು ಯಾವ ಮನೆಗೆ ಸೇರುತ್ತೆ, ಯಾಕೆ ಸೇರುತ್ತೆ ಅನ್ನೋದು. ಮೊದಲ ಭೇಟಿಯಲ್ಲಿ ಅವನಿಗೆ ಪರೋಟಾ ಕಥೆ ಹೇಳಿದೆ, ನಲವತ್ತು ನಿಮಿಷ. 2020ರಲ್ಲಿ ನಮ್ಮ ಕರ್ನಾಟಕದ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರ ಪರೋಟಾ ರೊಟ್ಟಿ ಅಲ್ಲ ಅಂದುಬಿಡ್ತು. ಚಪಾತಿ, ರೊಟ್ಟಿಗೆ 5 ಪರ್ಸೆಂಟ್, ಪರೋಟಾಗೆ 18. ಮೈದಾಹಿಟ್ಟಿಗೆ ಆದ ಆ ಅನ್ಯಾಯ ಕೇಳಿ ಅವನು ನಗಲಿಲ್ಲ, ‘ಹಾಗಾದ್ರೆ ಅಕ್ಕಿರೊಟ್ಟಿ ಎಲ್ಲಿಗೆ ಬರುತ್ತೆ?’ ಅಂತ ಕೇಳಿದ. ನನ್ನ ಜೀವನದಲ್ಲಿ ಯಾರೂ ನನಗೆ ಅಷ್ಟು ಒಳ್ಳೇ ಪ್ರಶ್ನೆ ಕೇಳಿರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಪರೋಟಾ ಮೇಲಿನ ತೆರಿಗೆ ಸೊನ್ನೆ ಆಯ್ತಲ್ಲ, ಕೌನ್ಸಿಲ್ ಸುದ್ದಿ ಬಂದ ರಾತ್ರಿ ಅವನ ಮೆಸೇಜ್: ‘ಪರೋಟಾ ಕೇಸ್ ಗೆದ್ದಳು ನಮ್ಮ ಹುಡುಗಿ’. ಹೂವು ಕೊಟ್ಟಿದ್ದರೆ ವಾಸನೆಗೆ ತಲೆನೋವು ಬರ್ತಿತ್ತು.

ಮೂರನೇ ಸಲ ಸಿಕ್ಕಾಗ ನನಗೊಂದು ಒದ್ದಾಟ. ‘ನೀವು’ ಯಾವಾಗ ‘ನೀನು’ ಆಗುತ್ತೆ? ಎಲ್ಲರಿಗೂ ಇದು ಹೇಗೋ ಗೊತ್ತಾಗುತ್ತೆ, ಒಂದು ದಿನ ಬದಲಾಗಿಬಿಟ್ಟಿರುತ್ತೆ. ನಾನು ಕೇಳಿಯೇ ಬಿಟ್ಟೆ, ‘ಇವತ್ತಿಂದ ನೀನು ಅನ್ನಬಹುದಾ?’ ಅವನು ಉಸಿರು ಬಿಟ್ಟು, ‘ಕೇಳಿದ್ದು ಒಳ್ಳೇದಾಯ್ತು ಮಾರಾಯ್ತಿ, ನಾನೂ ಒಂದು ವಾರದಿಂದ ಕರ್ತೃಪದವೇ ಇಲ್ಲದೆ ಮಾತಾಡ್ತಿದ್ದೆ’ ಅಂದ. ಆಟಿಸಂ ಇಲ್ಲದೋರಿಗೂ ಎಲ್ಲ ಗೊತ್ತಿರಲ್ಲ ಅಂತ ಅವತ್ತು ತಿಳೀತು.

ಜಗಳ ಆಗಲ್ವಾ ಅಂತ ಕೇಳ್ತೀರಿ. ಆಗುತ್ತೆ. ಅವನು ಸುಸ್ತಾಗಿ ಬಂದು ಸೋಫಾ ಮೇಲೆ ‘ಉಸ್ಸಪ್ಪಾ’ ಅಂತ ಕೂತರೆ ನಾನು ಏನಾಯ್ತು ಅಂತ ಕೇಳಲ್ಲ, ಕೇಳಬೇಕು ಅಂತ ಹೊಳೆಯಲ್ಲ. ಅವನಿಗೆ ಅದು ನೋವು. ನಾನು ಗಲಾಟೆ ದಿನದ ಕೊನೆಗೆ ಒಂದು ಗಂಟೆ ಕತ್ತಲೆ ರೂಮಲ್ಲಿ ಒಬ್ಬಳೇ ಇದ್ದರೆ ಅವನಿಗೆ ಸಿಟ್ಟು ಮಾಡ್ಕೊಂಡಿದ್ದೀನಿ ಅನ್ನಿಸುತ್ತೆ. ಭಾನುವಾರ ಸಂಜೆ ಇಪ್ಪತ್ತು ನಿಮಿಷ ಪುಸ್ತಕ ತಾಳೆ ನೋಡ್ತೀವಿ. ಅವನು ಈಗ ‘ಉಸ್ಸಪ್ಪಾ, ಕೇಳು’ ಅಂತಾನೆ. ಎರಡು ಪದ. ನಮ್ಮ ಮನೇಲಿ ‘ನೋಡೋಣ’ ಅಂದ್ರೆ ಜೊತೆಗೆ ಒಂದು ತಾರೀಖು ಹೇಳಬೇಕು.

ಮುಂದಿನ ತಿಂಗಳು ಹಾಸನಕ್ಕೆ ಹೋಗ್ತಾ ಇದ್ದೀನಿ, ಅವನ ಅಪ್ಪ ಅಮ್ಮನನ್ನ ನೋಡೋಕೆ. ತಂಗಿಯ ಮಾತುಕತೆಯೂ ಈಗಲೇ ನಡೀತಾ ಇದೆ. ಅಮ್ಮ ದಿನಾ ಫೋನ್ ಮಾಡಿ, ‘ನಿನ್ನ ತಂಗಿದು ಮುಗಿಯೋವರೆಗಾದ್ರೂ ಸುಮ್ನಿರು’ ಅಂತಿದ್ದಾಳೆ. ತಂಗಿ ಮಾತ್ರ, ‘ಅಕ್ಕಾ, ನಿನ್ನ ವಿಷಯ ಕೇಳಿ ಓಡಿಹೋಗೋನು ನನಗೂ ಬೇಡ’ ಅಂದಿದ್ದಾಳೆ. ಅದು ಅವಳ ದೊಡ್ಡತನ. ಆದರೆ ಅವಳಿಗಿನ್ನೂ 24, ಬಂದ ಸಂಬಂಧ ತಿರುಗಿ ಹೋದರೆ ಏನಾಗುತ್ತೆ ಅಂತ ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತು. ಎರಡು ವಾರ ನಿದ್ದೆ ಸರಿ ಇಲ್ಲ. ಗಂಟಲು ಹೋಗಿರೋದೂ ಅದಕ್ಕೇ.

ಆದರೂ ಹೇಳ್ತೀನಿ. ಏನು ಹೇಳಬೇಕು ಅಂತ ಬರ್ಕೊಂಡಿದ್ದೀನಿ, ಓದ್ತೀನಿ: ‘ಅಮ್ಮ, ನನಗೆ ಆಟಿಸಂ ಅಂತ ಇದೆ, ಹುಟ್ಟಿದಾಗಿನಿಂದ ಇದೆ, ಅದು ಹೋಗೋ ಕಾಯಿಲೆ ಅಲ್ಲ. ಜೋರು ಸದ್ದು ತಡೆಯೋಕಾಗಲ್ಲ, ಜನ ಜಾಸ್ತಿ ಇದ್ದರೆ ನಾನು ಸ್ವಲ್ಪ ಹೊತ್ತು ಒಳಗೆ ಹೋಗಿ ಕೂತ್ಕೋತೀನಿ, ಅದು ಸಿಟ್ಟಲ್ಲ. ನಿಮಗೆ ಬೇಡ ಅನ್ನಿಸಿದರೆ ನೇರವಾಗಿ ಹೇಳಿ.’ ಮೂರು ವಾಕ್ಯ. ‘ಆಂಟಿ’ ಅಂತ ಬರೆದಿದ್ದೆ, ಅವನು ‘ಅಮ್ಮ’ ಮಾಡಿದ. ಮೂರನೇ ವಾಕ್ಯ ಪೂರ್ತಿ ಹೊಡೆದುಹಾಕಿದ. ‘ಬೇಡ ಅನ್ನೋಕೆ ನೀನೇ ಯಾಕೆ ಬಾಗಿಲು ತೆಗೆದು ಕೊಡ್ತೀಯಾ?’ ಅಂತ. ನಾನು ಅದನ್ನ ವಾಪಸ್ ಬರೆದಿದ್ದೀನಿ. ಇನ್ನೂ ತೀರ್ಮಾನ ಆಗಿಲ್ಲ, ಈ ಭಾನುವಾರ ಮತ್ತೆ ಮಾತಾಡ್ತೀವಿ. ‘ಮಕ್ಕಳಿಗೂ ಬರುತ್ತಾ?’ ಅಂತ ಅವರು ಕೇಳೇ ಕೇಳ್ತಾರೆ. ಆಟಿಸಂನಲ್ಲಿ ಅನುವಂಶಿಕತೆಯ ಪಾಲು ದೊಡ್ಡದು, ಆದರೆ ಒಂದು ಮಗುವಿಗೆ ಬರುತ್ತೋ ಇಲ್ವೋ ಅಂತ ಯಾವ ಡಾಕ್ಟರೂ ಮೊದಲೇ ಹೇಳೋಕಾಗಲ್ಲ. ಹಾಗಾಗಿ ‘ಬರಬಹುದು’ ಅಂತೀನಿ. ಅಷ್ಟೇ ಸತ್ಯ.

ನಿಮ್ಮ ಮನೇಲಿ, ನಿಮ್ಮ ಕಡೆ ಕನ್ನಡದಲ್ಲಿ ಇದನ್ನ ಯಾರಾದ್ರೂ ಇನ್ನೂ ಚೆನ್ನಾಗಿ ಹೇಳಿದ್ದರೆ ವಾಯ್ಸ್ ನೋಟ್ ಕಳಿಸಿ, ಹಾಸನಕ್ಕೆ ಹೋಗೋ ಮುಂಚೆ ನನಗೂ ಉಪಯೋಗ ಆಗುತ್ತೆ. ಅಲ್ಲೇನಾಯ್ತು ಅಂತ ಹೇಳ್ತೀನಿ, ಅವನೂ ತಂಗೀನೂ ಒಪ್ಪಿದರೆ ಮಾತ್ರ. ಮುಂದಿನ ವಾರದ ಎಪಿಸೋಡ್ ಫ್ರೀಲ್ಯಾನ್ಸ್ ಮಾಡೋರು ತೆರಿಗೆ ಹೇಗೆ ಕಟ್ಟಬೇಕು ಅನ್ನೋದರ ಬಗ್ಗೆ. ಬರ್ತೀನಿ. ಅಂದ್ರೆ, ಹೋಗ್ತೀನಿ.